ಪುಟ್ಟಬಾಳೆ, ಜೋನಿಬೆಲ್ಲ ಮತ್ತು ಬೇಕ್ ಮಾಡಿದ ಓಟ್ಸ್

ಅಡಿಕೆ ತೋಟದ ನಡುವೆ ಬಾಳೆ ಬೆಳೆಯುವ ಮಲೆನಾಡಿನ ಮನೆಗಳಲ್ಲಿ, ಕಡಿದು ತಂದು ತೂಗುಹಾಕಿದ ಗೊನೆ ಒಮ್ಮೆ ಹಣ್ಣಾಗಲು ಶುರುವಾಯಿತೆಂದರೆ ಕೆಲವೇ ದಿನಗಳಲ್ಲಿ ಪೂರ್ತಿ ಹಣ್ಣಾಗಿಬಿಡುತ್ತದೆ. ಮಾಗಿದ ಹಣ್ಣು ಹೊರಬಿಡುವ ಎಥಿಲೀನ್ ಅನಿಲವು ಪಕ್ಕದ ಕಾಯಿಗಳನ್ನೂ ಮಾಗಿಸುವುದರಿಂದ ಅದನ್ನು ತಡೆದು ನಿಲ್ಲಿಸುವುದು ಕಷ್ಟ. ಶಿವಮೊಗ್ಗದ ನಮ್ಮ ಮನೆಗೆ ಊರಿನ ತೋಟದಿಂದ ಪುಟ್ಟಬಾಳೆಯ ಗೊನೆ ಬಂದಾಗಲೆಲ್ಲ, ತಿಂದಷ್ಟು ತಿಂದು, ಅಕ್ಕಪಕ್ಕದ ಮನೆಗಳಿಗೆ ಕೊಟ್ಟು, ರಸಾಯನ, ಬನ್ಸ್, ಹಲ್ವ ಎಲ್ಲ ಮಾಡಿ ಮುಗಿಸಿದ ಮೇಲೂ ಕಪ್ಪು ಚುಕ್ಕೆ ಮೂಡಿದ ಹಣ್ಣುಗಳು ಒಂದಿಷ್ಟು ಉಳಿಯುತ್ತವೆ. ಹಾಗೆ ಉಳಿದ ಹಣ್ಣುಗಳಿಗೆ ನಾನು ಕಂಡುಕೊಂಡಿರುವ ಅತ್ಯುತ್ತಮ ದಾರಿಯೆಂದರೆ ಬೆಳಗಿನ ತಿಂಡಿಗೆ ಬೇಕ್ ಮಾಡಿದ ಓಟ್ಸ್. ಪಿಷ್ಟವೆಲ್ಲ ಸಕ್ಕರೆಯಾಗಿ ಮಾರ್ಪಟ್ಟ ಆ ಹಂತದ ಹಣ್ಣೇ ಈ ತಿಂಡಿಗೆ ಬೇಕಾದದ್ದು.

ಇದು ಅಮೆರಿಕದ ಪೆನ್ಸಿಲ್ವೇನಿಯಾ ಕಡೆಯ ಆಮಿಶ್ ಸಮುದಾಯದವರ ಮನೆಗಳಲ್ಲಿ ರೂಢಿಯಲ್ಲಿರುವ ತಿಂಡಿ. ಓಟ್ಸ್, ಹಾಲು, ಮೊಟ್ಟೆ, ಸಿಹಿ ಮತ್ತು ಹಣ್ಣುಗಳನ್ನು ಕಲಸಿ, ತಟ್ಟೆಗೆ ಹೊಯ್ದು, ಒವನ್‌ನಲ್ಲಿಟ್ಟು ಬೇಯಿಸುತ್ತಾರೆ. ಒಲೆಯ ಮೇಲೆ ಕುದಿಸಿದ ಓಟ್ಸ್ ಗಂಜಿಯ ಲೋಳೆತನ ಇಷ್ಟವಾಗದವರೂ ಇದನ್ನು ಒಪ್ಪುತ್ತಾರೆ, ಏಕೆಂದರೆ ಇದು ಕೇಕಿಗಿಂತ ಒದ್ದೆಯಾಗಿ, ಗಂಜಿಗಿಂತ ಗಟ್ಟಿಯಾಗಿ, ಚಾಕುವಿನಲ್ಲಿ ಕೊಯ್ದು ತುಂಡು ಮಾಡುವಷ್ಟು ಹದವಾಗಿ ಬರುತ್ತದೆ. ಆದರೆ ಅಲ್ಲಿನವರ ಅಳತೆಗಳು ಸಾಮಾನ್ಯವಾಗಿ ಸೇಬು ಮತ್ತು ಬೆರ್ರಿ ಹಣ್ಣುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ನಮ್ಮ ಹಣ್ಣುಗಳಿಗೆ ಅದೇ ಅಳತೆಯನ್ನು ಹಾಗೆಯೇ ತಂದರೆ ಒಂದು ದಿನ ತಿಂಡಿ ಒಣಗಿ ಬಿರಿಯುತ್ತದೆ, ಇನ್ನೊಂದು ದಿನ ನಡುವೆ ಹಸಿಯಾಗಿ ಉಳಿಯುತ್ತದೆ. ಆದ್ದರಿಂದ ಹಾಲನ್ನು ಎಷ್ಟು ಹಾಕಬೇಕೆಂಬುದನ್ನು ಹಣ್ಣಿನಿಂದಲೇ ತಿಳಿಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಮಾತು ನಮ್ಮ ಅಡುಗೆಮನೆಗಳಿಗೆ ಹೊಸದೂ ಅಲ್ಲ. ಹಲಸಿನ ಹಣ್ಣಿನ ಕಡುಬು ಮಾಡುವಾಗ ಯಾರೂ ನೀರನ್ನು ಅಳೆದು ಹಾಕುವುದಿಲ್ಲ. ತೊಳೆಯ ರಸ ಮತ್ತು ಬೆಲ್ಲದ ಪಸೆಯಲ್ಲೇ ಅಕ್ಕಿತರಿ ನೆನೆಯಬೇಕು, ಹಿಟ್ಟು ಎಲೆಯ ಮೇಲೆ ಹರಿದು ಹೋಗಬಾರದು ಎಂಬುದಷ್ಟೇ ಅಲ್ಲಿಯ ಲೆಕ್ಕ. ನಾನು ಓಟ್ಸ್ ಕಲಸುತ್ತಿದ್ದುದನ್ನು ನೋಡಿದ ನಮ್ಮ ಅತ್ತೆ, ಒವನ್ ಎಂದೂ ಮುಟ್ಟದವರು, "ಹಣ್ಣಿನ ರಸ ನೋಡ್ಕಂಡು ಹಾಲು ಹಾಕು ಮಾರಾಯ್ತಿ" ಎಂದು ಹೇಳಿದ್ದು ಕಡುಬಿನ ಈ ಅನುಭವದಿಂದಲೇ.

ಮೊದಲು ಓಟ್ಸ್ ಯಾವುದು ಎಂಬುದನ್ನು ನೋಡೋಣ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಇನ್‌ಸ್ಟಂಟ್ ಓಟ್ಸ್ ತೆಳ್ಳಗೆ ಒತ್ತಿ ಪುಡಿಪುಡಿಯಾದದ್ದು. ಹಾಲು ಬಿದ್ದ ಕೂಡಲೇ ಕರಗಿದಂತಾಗುವುದರಿಂದ ಬೇಕ್ ಮಾಡಿದಾಗ ಅಂಟಂಟಾಗುತ್ತದೆ. ಸ್ಟೀಲ್ ಕಟ್ ಓಟ್ಸ್ ಎಂದರೆ ಒತ್ತದೆ ಕತ್ತರಿಸಿದ ಕಾಳು, ಅದು ಇಷ್ಟು ಹೊತ್ತಿನಲ್ಲಿ ಬೇಯುವುದಿಲ್ಲ. ಹಬೆಯಲ್ಲಿ ಬೇಯಿಸಿ ರೋಲರ್ ನಡುವೆ ಒತ್ತಿದ, ಹಾಳೆ ಹಾಳೆಯಾಗಿ ಕಾಣುವ ದಪ್ಪ ರೋಲ್ಡ್ ಓಟ್ಸೇ ಇದಕ್ಕೆ ಸರಿ. ಮಳೆಗಾಲದಲ್ಲಿ ಪೊಟ್ಟಣ ಒಡೆದ ದಿನವೇ ಅದನ್ನು ಬಿಗಿ ಮುಚ್ಚಳದ ಡಬ್ಬಿಗೆ ತುಂಬಿಡಬೇಕು. ನಮ್ಮ ಆಷಾಢದ ಗಾಳಿಯ ಪಸೆಗೆ ಅದು ಒಂದೆರಡು ದಿನದಲ್ಲೇ ಮೆತ್ತಗಾಗುತ್ತದೆ.

ಪುಟ್ಟಬಾಳೆಗೆ ನಾನು ಇಟ್ಟುಕೊಂಡಿರುವ ಅಳತೆ ಹೀಗಿದೆ. 240 ಮಿಲಿ ಲೀಟರಿನ ಕಪ್ಪಿನಲ್ಲಿ ಎರಡು ಕಪ್, ಅಂದರೆ ಸುಮಾರು 180 ಗ್ರಾಂ ಓಟ್ಸಿಗೆ ಒಂದು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಉಪ್ಪು ಮತ್ತು ಆಗಷ್ಟೇ ಕುಟ್ಟಿದ ಏಲಕ್ಕಿಯನ್ನು ಬೆರೆಸುತ್ತೇನೆ. ಬೇರೊಂದು ಪಾತ್ರೆಯಲ್ಲಿ ಸಿಪ್ಪೆ ತೆಗೆದ 250 ಗ್ರಾಂ ಹಣ್ಣನ್ನು ಕೈಯಿಂದ ಹಿಸುಕಿ, ಕಾಯಿಸಿ ಪೂರ್ತಿ ಆರಿಸಿದ ಹಾಲು 400 ಮಿಲಿ ಲೀಟರ್, ಒಂದು ಮೊಟ್ಟೆ, ಎರಡು ದೊಡ್ಡ ಚಮಚ ಕರಗಿಸಿದ ತುಪ್ಪ ಮತ್ತು ಮೂರು ದೊಡ್ಡ ಚಮಚ ಜೋನಿಬೆಲ್ಲ, ಅಂದರೆ ದ್ರವರೂಪದ ಬೆಲ್ಲ, ಸೇರಿಸಿ ಕಲಕುತ್ತೇನೆ. ಮೊಟ್ಟೆ ತಿನ್ನದವರು ಒಂದು ದೊಡ್ಡ ಚಮಚ ಅಗಸೆ ಬೀಜದ ಪುಡಿಯನ್ನು ಮೂರು ದೊಡ್ಡ ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಹಾಕಿದರೆ ತುಂಡು ಹಾಗೆಯೇ ಹಿಡಿದುಕೊಳ್ಳುತ್ತದೆ. ಹಾಲು ಆರಿರಬೇಕೆಂದು ಒತ್ತಿ ಹೇಳುವುದಕ್ಕೆ ಕಾರಣವಿದೆ: ಬೆಲ್ಲದಲ್ಲಿರುವ ಹುಳಿಯಂಶದಿಂದ ಬಿಸಿ ಹಾಲು ಒಡೆಯುವ ಸಂಭವವಿದೆ. ಜೋನಿಬೆಲ್ಲದ ಬದಲು ಸಕ್ಕರೆ ಹಾಕಿದರೂ ತಿಂಡಿ ಆಗುತ್ತದೆ, ಆದರೆ ತಟ್ಟೆಯ ಅಂಚಿನಲ್ಲಿ ಬೆಲ್ಲ ಕಾದು ಕಂದಿದಾಗ ಬರುವ ಘಮವಾಗಲೀ, ಆ ಗಾಢವಾದ ಬಣ್ಣವಾಗಲೀ ಸಕ್ಕರೆಯಿಂದ ಬರುವುದಿಲ್ಲ.

ಎರಡನ್ನೂ ಕೂಡಿಸಿದ ಮೇಲೆ ಹತ್ತು ನಿಮಿಷ ಸುಮ್ಮನೆ ಬಿಡುವುದು ಬಹಳ ಮುಖ್ಯ, ಹಾಲಿನ ತೀರ್ಮಾನವಾಗುವುದು ಆ ಹತ್ತು ನಿಮಿಷಗಳಲ್ಲೇ. ಮೊದಲಿಗೆ ಓಟ್ಸ್ ಕೆಳಗೆ ಕುಳಿತು ಹಾಲು ಮೇಲೆ ತೇಲುತ್ತಿರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಹಾಳೆಗಳು ಹಾಲನ್ನು ಹೀರಿ, ಅಂಚು ಅರೆಪಾರದರ್ಶಕವಾಗಿ, ಒಂದಕ್ಕೊಂದು ತಗುಲಿಕೊಳ್ಳತೊಡಗುತ್ತವೆ. ಸೌಟಿನಿಂದ ನಡುವೆ ಗೆರೆ ಎಳೆದರೆ ಅದು ನಿಧಾನವಾಗಿ ಮುಚ್ಚಿಕೊಳ್ಳಬೇಕು. ಕೂಡಲೇ ಮುಚ್ಚಿಕೊಂಡರೆ ಹಾಲು ಹೆಚ್ಚಾಗಿದೆ, ಒಂದು ಹಿಡಿ ಓಟ್ಸ್ ಸೇರಿಸಬಹುದು. ಗೆರೆ ಹಾಗೆಯೇ ನಿಂತರೆ ಇನ್ನೊಂದಿಷ್ಟು ಹಾಲು ಬೇಕು. ಅನಂತರ ತುಪ್ಪ ಸವರಿದ ಎಂಟು ಇಂಚಿನ ತಟ್ಟೆಗೆ ಹೊಯ್ದು, ಮೇಲೆ ಉದ್ದಕ್ಕೆ ಸೀಳಿದ ಎರಡು ಬಾಳೆಹಣ್ಣು ಮತ್ತು ಗೋಡಂಬಿ ಚೂರುಗಳನ್ನು ಜೋಡಿಸಿ, ಮೊದಲೇ 180 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಒವನ್‌ನಲ್ಲಿ 35ರಿಂದ 40 ನಿಮಿಷ ಇಡಬೇಕು. ಅಂಚು ತಟ್ಟೆಯಿಂದ ಬಿಟ್ಟುಕೊಂಡು, ನಡುಭಾಗ ಒತ್ತಿದರೆ ಮೆಲ್ಲನೆ ಮೇಲೇಳುವಂತಿದ್ದರೆ ಬೆಂದಿದೆ ಎಂದರ್ಥ. ಹೊರತೆಗೆದ ಕೂಡಲೇ ಕೊಯ್ದರೆ ಕುಸಿಯುತ್ತದೆ, ಒಳಗಿನ ಪಸೆ ಹರಡಿಕೊಂಡು ಗಟ್ಟಿಯಾಗಲು ಮತ್ತೆ ಹತ್ತು ನಿಮಿಷ ಕೊಡಬೇಕು.

ಇನ್ನು ಬೇರೆ ಹಣ್ಣುಗಳ ಮಾತು. ಬಾಳೆಹಣ್ಣಿನಲ್ಲಿ ಸುಮಾರು 75 ಶೇಕಡ ನೀರಿದ್ದರೆ ಅನಾನಸಿನಲ್ಲಿ ಅದು 86 ಶೇಕಡ. ಅಂತರ ಸಣ್ಣದೆನಿಸಬಹುದು, ಆದರೆ ಬಾಳೆಯ ತಿರುಳು ತನ್ನ ನೀರನ್ನು ಹಿಡಿದುಕೊಳ್ಳುತ್ತದೆ, ಅನಾನಸು ಬಿಸಿ ತಾಗಿದೊಡನೆ ಬಿಟ್ಟುಬಿಡುತ್ತದೆ. ಅದರಲ್ಲಿರುವ ಬ್ರೋಮೆಲೈನ್ ಎಂಬ ಕಿಣ್ವವು ಹಾಲಿನ ಪ್ರೋಟೀನನ್ನು ಒಡೆದು ಕಹಿ ಬರಿಸುತ್ತದೆ ಎಂಬುದು ಇನ್ನೊಂದು ತೊಡಕು. ಬಿಸಿ ಮಾಡಿದರೆ ಆ ಕಿಣ್ವ ನಿಷ್ಕ್ರಿಯವಾಗುವುದರಿಂದ ಎರಡೂ ತೊಡಕುಗಳಿಗೆ ಒಂದೇ ಪರಿಹಾರ: ಹಣ್ಣನ್ನು ಸಣ್ಣಗೆ ಹೆಚ್ಚಿ, ಸ್ವಲ್ಪ ಜೋನಿಬೆಲ್ಲದೊಂದಿಗೆ ಬಾಣಲೆಯಲ್ಲಿ ರಸ ಇಂಗುವವರೆಗೆ ಬೇಯಿಸಿ, ಆರಿಸಿ, ಆಮೇಲೆ ಬೆರೆಸಬೇಕು. ಸಾಗರ, ಸೊರಬದ ಕಡೆಯ ಅನಾನಸು ಪೇಟೆಗೆ ಬರುವ ದಿನಗಳಲ್ಲಿ ನಾನು ಮಾಡುವುದು ಹೀಗೆಯೇ, ಏಲಕ್ಕಿಯ ಬದಲು ಒಂದಿಷ್ಟು ದಾಲ್ಚಿನ್ನಿ ಹಾಕಿ.

ಹಲಸಿನಲ್ಲಿ ಬಕ್ಕೆಗೂ ಮೆತ್ತನೆ ತೊಳೆಯ ಅಂಬಲಿಗೂ ಬೇರೆ ಬೇರೆ ಕ್ರಮ. ಬಕ್ಕೆಯ ಗಟ್ಟಿ ತೊಳೆಗಳನ್ನು ಕಡಲೆಬೇಳೆ ಗಾತ್ರಕ್ಕೆ ಹೆಚ್ಚಿ ಬಾಳೆಹಣ್ಣಿನ ಹಿಟ್ಟಿಗೇ ಸೇರಿಸಬಹುದು, ಹಾಲಿನ ಅಳತೆ ಬದಲಾಗುವುದಿಲ್ಲ. ಅಂಬಲಿ ಹಲಸಾದರೆ ಅದರ ರಸವನ್ನೇ ಬಾಳೆಹಣ್ಣಿನ ಜಾಗದಲ್ಲಿ ಬಳಸಿ, ನಾರನ್ನು ಜರಡಿಯಲ್ಲಿ ಸೋಸಿ, ಹಾಲನ್ನು 300 ಮಿಲಿ ಲೀಟರಿಗೆ ಇಳಿಸಬೇಕು. ಬೆಲ್ಲವೂ ಅರ್ಧ ಸಾಕು. ಇದಕ್ಕೆ ಒಂದು ಹಿಡಿ ಕಾಯಿತುರಿ ಬಿದ್ದರೆ ಕಡುಬಿನ ರುಚಿಗೆ ಬಹಳ ಹತ್ತಿರ ಬರುತ್ತದೆ, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದೂ ಇದೇ. ಚಿಕ್ಕು ಚೆನ್ನಾಗಿ ಹೊಂದುತ್ತದೆ. ಪಪ್ಪಾಯಿಯನ್ನು ನಾನು ಶಿಫಾರಸು ಮಾಡಲಾರೆ, ಬೆಂದ ಮೇಲೆ ಅದಕ್ಕೆ ತನ್ನದೆನ್ನುವ ರುಚಿಯೇ ಉಳಿಯುವುದಿಲ್ಲ.

ಮಳೆಗಾಲದಲ್ಲಿ ಕರೆಂಟ್ ನಂಬಿಕೊಂಡು ಒವನ್ ಹಚ್ಚುವುದು ನಮ್ಮಲ್ಲಿ ಸಾಧ್ಯವಿಲ್ಲ, ಮನೆಯ ಇನ್ವರ್ಟರ್ ಅದನ್ನು ಎಳೆಯುವುದೂ ಇಲ್ಲ. ಆಗ ದಪ್ಪ ತಳದ ಅಗಲವಾದ ಕುಕ್ಕರ್ ಸಾಕು. ಮುಚ್ಚಳದ ರಬ್ಬರ್ ಮತ್ತು ವಿಷಲ್ ಎರಡನ್ನೂ ತೆಗೆದಿಟ್ಟು, ತಳಕ್ಕೆ ಒಂದು ಪದರ ಕಲ್ಲುಪ್ಪು ಹರಡಿ, ಅದರ ಮೇಲೊಂದು ಸ್ಟ್ಯಾಂಡ್ ಇಟ್ಟು ಹತ್ತು ನಿಮಿಷ ಕಾಯಿಸಿ, ತಟ್ಟೆಯನ್ನು ಇಳಿಸಿ, ಸಣ್ಣ ಉರಿಯಲ್ಲಿ 45ರಿಂದ 50 ನಿಮಿಷ ಬೇಯಿಸಬೇಕು. ಬಿಸಿ ಕೆಳಗಿನಿಂದ ಮಾತ್ರ ಬರುವುದರಿಂದ ಮೇಲ್ಭಾಗ ಕೆಂಪಾಗುವುದಿಲ್ಲ, ರುಚಿಗೇನೂ ಕೊರತೆಯಿಲ್ಲ.

ಓಟ್ಸ್ ತಿಂದರೆ ಕೊಲೆಸ್ಟೆರಾಲ್ ಇಳಿಯುತ್ತದೆಯೇ ಎಂದು ಅನೇಕರು ಕೇಳುತ್ತಾರೆ. ಅದರಲ್ಲಿರುವ ಬೀಟಾ ಗ್ಲುಕಾನ್ ಎಂಬ ಕರಗುವ ನಾರಿನಂಶ ಇದಕ್ಕೆ ನೆರವಾಗುತ್ತದೆ ಎಂಬುದು ನಿಜ. ದಿನಕ್ಕೆ 3 ಗ್ರಾಂ ಎಂಬ ಪ್ರಮಾಣವನ್ನು ಆಧಾರವಾಗಿಟ್ಟು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1997ರಲ್ಲಿ ಓಟ್ಸ್ ಪೊಟ್ಟಣಗಳ ಮೇಲೆ ಹೃದ್ರೋಗದ ಅಪಾಯ ತಗ್ಗಬಹುದು ಎಂಬ ಮಾತನ್ನು ಮುದ್ರಿಸಲು ಒಪ್ಪಿತು. ಆದರೆ 100 ಗ್ರಾಂ ಓಟ್ಸಿನಲ್ಲಿ ಅದು ಇರುವುದು ಸುಮಾರು 4 ಗ್ರಾಂ. ಮೇಲಿನ ಅಳತೆಯನ್ನು ನಾಲ್ವರು ಹಂಚಿಕೊಂಡರೆ ಒಬ್ಬೊಬ್ಬರಿಗೆ ಬರುವುದು ಎರಡು ಗ್ರಾಂಗಿಂತ ಕಡಿಮೆ, ಅದರ ಜೊತೆಗೆ ಬೆಲ್ಲವೂ ತುಪ್ಪವೂ ಇವೆ. ಹಾಗಾಗಿ ಇದನ್ನು ಔಷಧವೆಂದು ಬಡಿಸಲು ನನಗೆ ಮನಸ್ಸಿಲ್ಲ. ಸಕ್ಕರೆ ಕಾಯಿಲೆ ಇರುವವರು ಮಾಗಿದ ಬಾಳೆಹಣ್ಣು ಮತ್ತು ಬೆಲ್ಲ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಶಾಲೆ, ಆಫೀಸಿನ ಗಡಿಬಿಡಿಯ ಬೆಳಿಗ್ಗೆ 40 ನಿಮಿಷ ಕಾಯುವ ವ್ಯವಧಾನ ಯಾರಿಗೂ ಇರುವುದಿಲ್ಲವಾದ್ದರಿಂದ ಹಿಂದಿನ ರಾತ್ರಿಯೇ ಬೇಯಿಸಿಡುವುದು ಒಳ್ಳೆಯದು. ರಾತ್ರಿ ಬರೀ ಕಲಸಿ ಫ್ರಿಜ್ಜಿನಲ್ಲಿಡುವುದಾದರೆ ಬೇಕಿಂಗ್ ಪೌಡರನ್ನು ಬೆಳಿಗ್ಗೆ ಹಾಕಬೇಕು. ಬೇಯಿಸಿದ್ದು ಫ್ರಿಜ್ಜಿನಲ್ಲಿ ಮೂರು ದಿನ ಚೆನ್ನಾಗಿರುತ್ತದೆ, ಮಳೆಗಾಲದಲ್ಲಿ ಹೊರಗಿಟ್ಟರೆ ಮರುದಿನವೇ ಬೂಸಲು ಹಿಡಿಯಬಹುದು. ಮತ್ತೆ ಬಿಸಿ ಮಾಡಲು ಮೈಕ್ರೋವೇವ್‌ಗಿಂತ ದೋಸೆ ಕಾವಲಿ ಮೇಲು: ತುಪ್ಪ ಸವರಿದ ಕಾವಲಿಯಲ್ಲಿ ಸಣ್ಣ ಉರಿಯ ಮೇಲೆ ಎರಡೂ ಬದಿ ಎರಡೆರಡು ನಿಮಿಷ ಇಟ್ಟರೆ ಹೊರಮೈ ಮತ್ತೆ ಗರಿಯಾಗುತ್ತದೆ, ಒಳಗಿನ ಹಣ್ಣು ಮೆತ್ತಗೇ ಉಳಿಯುತ್ತದೆ. ಜೊತೆಗೆ ಹುಳಿ ಬಾರದ ಗಟ್ಟಿ ಮೊಸರಿದ್ದರೆ ಬೇರೇನೂ ಬೇಕಾಗುವುದಿಲ್ಲ.