ಸಭೆಯ ತಲೆ ಯಾರು ಎಂಬುದು ಪಾದ್ರಿಯ ನೇಮಕದಲ್ಲಿ ಗೊತ್ತಾಗುತ್ತದೆ

ತಲಕಾವೇರಿಯ ‘ತಲೆ’ಗೆ ಯಾರ ಮೇಲೂ ಅಧಿಕಾರವಿಲ್ಲ. ಅದು ನೀರು ಹುಟ್ಟುವ ಜಾಗ, ಅಷ್ಟೇ. ಊರಿನ ತಲೆಯಾಳು ಅಂದರೆ ಬೇರೆ ಮಾತು, ಅವನು ಹೇಳಿದ್ದು ನಡೆಯಬೇಕು. ‘ಕ್ರಿಸ್ತನು ಸಭೆಗೆ (ಎಂದರೆ ಕ್ರೈಸ್ತ ವಿಶ್ವಾಸಿಗಳ ಸಮುದಾಯಕ್ಕೆ) ತಲೆ’ ಎಂದು ಬೈಬಲಿನಲ್ಲಿರುವ ಪೌಲನ ಪತ್ರಗಳಲ್ಲಿ ಓದುವಾಗ ಇವೆರಡರಲ್ಲಿ ಯಾವುದನ್ನು ಹಿಡಿಯಬೇಕು? ಗ್ರೀಕಿನಲ್ಲಿ ತಲೆ ಎನ್ನುವ ‘ಕೆಫಲೆ’ ಪದದ ಬಗ್ಗೆ ಬೈಬಲ್ ಪಂಡಿತರು ಕಳೆದ ಶತಮಾನದಲ್ಲಿ ಇದೇ ವಿಷಯಕ್ಕೆ ಪುಟಗಟ್ಟಲೆ ಜಗಳವಾಡಿದರು. ಮೂಲ ಎಂದು ಒಂದು ಗುಂಪು, ಅಧಿಕಾರ ಎಂದು ಇನ್ನೊಂದು. ನನಗಂತೂ ಇದು ಒಂದನ್ನು ಆರಿಸಿ ಇನ್ನೊಂದನ್ನು ಬಿಡುವ ಪ್ರಶ್ನೆ ಅನ್ನಿಸುವುದಿಲ್ಲ. ಕೊಲೊಸ್ಸೆಯವರಿಗೆ ಬರೆದ ಪತ್ರದ 2:10ರಲ್ಲಿ ಕ್ರಿಸ್ತನು ಎಲ್ಲಾ ದೊರೆತನಗಳಿಗೂ ಅಧಿಕಾರಗಳಿಗೂ ತಲೆ. ಅಲ್ಲಿ ಕಾವೇರಿಯ ಅರ್ಥ ಒಗ್ಗುವುದಿಲ್ಲ. ಅದೇ ಅಧ್ಯಾಯದ 19ನೇ ವಚನಕ್ಕೆ ಬಂದರೆ, ಇಡೀ ದೇಹ ಪೋಷಣೆ ಪಡೆದು ಬೆಳೆಯುವುದು ಆ ತಲೆಯಿಂದ. ಇಲ್ಲಿ ತಲೆಯಾಳಿನ ಅರ್ಥ ಸಾಲದು.

ಈ ವಚನಗಳನ್ನು ಕಲಿಸುವವರು ಹೆಚ್ಚಾಗಿ ಎಡವುವ ಜಾಗ ಇನ್ನೊಂದಿದೆ. 1 ಕೊರಿಂಥ 12ರಲ್ಲಿಯೂ ದೇಹದ ಚಿತ್ರವೇ ಇದೆ, ಆದರೆ ಅಲ್ಲಿ ತಲೆ ಕ್ರಿಸ್ತನಲ್ಲ. ತಲೆ ಕಾಲಿಗೆ ‘ನೀನು ನನಗೆ ಬೇಕಿಲ್ಲ’ ಎನ್ನಲಾಗದು ಎಂದು 21ನೇ ವಚನ ಹೇಳುತ್ತದೆ. ಅಂದರೆ ತಲೆಯೂ ಕೈಕಾಲಿನ ಹಾಗೆ ಸಭೆಯ ಒಂದು ಅಂಗ. ಕಣ್ಣು, ಕಿವಿ ಕೂಡ ಅಲ್ಲಿ ಸಭೆಯವರೇ. ಎಫೆಸ ಮತ್ತು ಕೊಲೊಸ್ಸೆ ಪತ್ರಗಳಲ್ಲಿ ಮಾತ್ರ ಕ್ರಿಸ್ತನು ತಲೆ, ಸಭೆ ಮಿಕ್ಕ ದೇಹ. ಎರಡು ಚಿತ್ರಗಳನ್ನು ಒಂದೇ ಪ್ರಸಂಗದಲ್ಲಿ ಬೆರೆಸಿದರೆ ಕೇಳುವವರ ಮನಸ್ಸಿನಲ್ಲಿ ಸಭಾಪಾಲಕರೋ ಕಮಿಟಿಯ ಸೆಕ್ರೆಟರಿಯೋ ಸದ್ದಿಲ್ಲದೆ ‘ತಲೆ’ಯ ಜಾಗಕ್ಕೆ ಬಂದು ಕೂರುತ್ತಾರೆ.

ಎಫೆಸ 4:16ರ ಯಂತ್ರವಿದ್ಯೆಯನ್ನು ಗಮನಿಸಿ. ಬೆಳವಣಿಗೆ ತಲೆಯಿಂದ ಬರುತ್ತದೆ, ಆದರೆ ನೇರವಾಗಿ ಬೆರಳಿಗೆ ಇಳಿಯುವುದಿಲ್ಲ, ಕೀಲುಕೀಲಿನ ಮೂಲಕ ದಾಟಬೇಕು. ‘ಪೂರೈಕೆ’ಗೆ ಅಲ್ಲಿರುವ ಗ್ರೀಕ್ ಪದ ಎಪಿಖೊರೆಗಿಯ. ಅದರ ಬೇರು ಅಥೆನ್ಸಿನ ಖೊರೆಗೊಸ್, ಎಂದರೆ ನಾಟಕದ ಮೇಳಕ್ಕೆ ತನ್ನ ಕೈಯಿಂದ ಖರ್ಚು ಕೊಡುತ್ತಿದ್ದ ಶ್ರೀಮಂತ. ಕೀಲು ಸರಿಯಿಲ್ಲದಿದ್ದರೆ ತಲೆಯಲ್ಲಿ ಎಷ್ಟಿದ್ದರೂ ಅಂಗಕ್ಕೆ ತಲುಪದು. ಕೊಲೊಸ್ಸೆಯಲ್ಲಿ ಕೆಟ್ಟದ್ದು ಬೇರೆ ಕಡೆ. ಅಲ್ಲಿನ ಕೆಲವರು ಊಟದ ನೇಮ, ಹಬ್ಬ, ದೇವದೂತರ ಪೂಜೆ, ಕಂಡ ದರ್ಶನಗಳನ್ನು ಹಿಡಿದುಕೊಂಡು ತಲೆಯನ್ನೇ ಬಿಟ್ಟರು. ಅವರಲ್ಲಿ ಭಕ್ತಿಗೇನೂ ಕೊರತೆ ಇರಲಿಲ್ಲ, ಅದನ್ನು ಮರೆಯಬಾರದು.

ಇಷ್ಟು ಪುಸ್ತಕದ ಮಾತು. ಇದು ಬೀದಿಗೆ ಬರುವುದು ‘ಹಾಗಾದರೆ ತೀರ್ಮಾನ ಯಾರದು’ ಎಂದು ಕೇಳಿದಾಗ. 1302ರಲ್ಲಿ ಪೋಪ್ ಎಂಟನೇ ಬೊನಿಫೇಸ್, ಸಭೆಗೆ ಒಂದೇ ದೇಹ ಒಂದೇ ತಲೆ, ರಾಕ್ಷಸನಂತೆ ಎರಡು ತಲೆಯಲ್ಲ ಎಂದು ಬರೆದು, ಆ ಒಂದು ತಲೆಯೊಳಗೆ ಕ್ರಿಸ್ತನ ಜೊತೆ ಅವನ ಪ್ರತಿನಿಧಿಯಾದ ಪೇತ್ರನನ್ನೂ ಪೇತ್ರನ ಉತ್ತರಾಧಿಕಾರಿಯನ್ನೂ, ಎಂದರೆ ಪೋಪನನ್ನೂ, ಸೇರಿಸಿದ. 1534ರಲ್ಲಿ ಇಂಗ್ಲೆಂಡಿನ ಎಂಟನೇ ಹೆನ್ರಿ ಪಾರ್ಲಿಮೆಂಟಿನ ಕಾಯ್ದೆಯಿಂದ ತನ್ನ ದೇಶದ ಚರ್ಚಿಗೆ ತಾನೇ ‘ಸರ್ವೋಚ್ಚ ತಲೆ’ಯಾದ. ಮಗಳು ಎಲಿಜಬೆತ್ 1559ರಲ್ಲಿ ಆ ಪದವನ್ನು ಬಿಟ್ಟು ‘ಸರ್ವೋಚ್ಚ ಗವರ್ನರ್’ ಎಂದು ಬದಲಿಸಿಕೊಂಡಳು. ಅಧಿಕಾರ ಹೆಚ್ಚುಕಡಿಮೆ ಅಷ್ಟೇ ಉಳಿಯಿತು, ಆದರೆ ಆ ಪದ ಇನ್ನೊಬ್ಬರದ್ದು ಎಂಬ ಮುಜುಗರವಂತೂ ಇತ್ತು.

ಈ ವಾಕ್ಯವನ್ನು ಅಕ್ಷರಶಃ ಹಿಡಿದು ಕೊನೆಯವರೆಗೂ ಎಳೆದವರು ಸ್ಕಾಟ್‌ಲೆಂಡಿನವರು. 1596ರಲ್ಲಿ ಅಲ್ಲಿನ ಚರ್ಚಿನ ಮುಂದಾಳು ಆಂಡ್ರೂ ಮೆಲ್ವಿಲ್ ರಾಜ ಆರನೇ ಜೇಮ್ಸನ ಎದುರೇ, ಈ ದೇಶದಲ್ಲಿ ಇಬ್ಬರು ರಾಜರು, ಎರಡು ರಾಜ್ಯ ಇವೆ, ಕ್ರಿಸ್ತನ ರಾಜ್ಯವಾದ ಸಭೆಯಲ್ಲಿ ಜೇಮ್ಸ್ ರಾಜನೂ ಅಲ್ಲ, ತಲೆಯೂ ಅಲ್ಲ, ಒಬ್ಬ ಸದಸ್ಯ ಮಾತ್ರ ಎಂದ. ಮಾತು ದೊಡ್ಡದೇ. ಅದರ ಬೆಲೆ ತಿಳಿಯಲು ಇನ್ನೂ ಎರಡೂವರೆ ಶತಮಾನ ಬೇಕಾಯಿತು, ಮತ್ತು ತಿಳಿದದ್ದು ಪಾದ್ರಿಯ ನೇಮಕದಂಥ ಒಣ ವಿಷಯದಲ್ಲಿ.

ಅಲ್ಲಿನ ಪದ್ಧತಿ ಹೀಗಿತ್ತು. ಒಬ್ಬ ಪಾದ್ರಿಯ ಕೈಕೆಳಗಿನ ಪ್ರದೇಶಕ್ಕೆ ಪ್ಯಾರಿಶ್ ಎನ್ನುತ್ತಾರೆ. ಒಂದು ಪ್ಯಾರಿಶ್‌ನ ಪಾದ್ರಿ ತೀರಿಕೊಂಡರೆ ಅಥವಾ ಬೇರೆಡೆಗೆ ಹೋದರೆ, ‘ಪೇಟ್ರನ್’ ಆದವನು, ಸಾಮಾನ್ಯವಾಗಿ ಜಮೀನ್ದಾರ ಇಲ್ಲವೆ ಸ್ವತಃ ಸರ್ಕಾರ, ಆರು ತಿಂಗಳೊಳಗೆ ಒಬ್ಬ ಅಭ್ಯರ್ಥಿಯ ಹೆಸರು ಕೊಡಬೇಕು. 1712ರ ಕಾಯ್ದೆ ಈ ಹಕ್ಕನ್ನು ಮರಳಿ ಕೊಟ್ಟಿತ್ತು. ಹಕ್ಕು ಎಂದರೆ ಆಸ್ತಿ, ಜಮೀನಿನ ಹಾಗೆಯೇ ಮಾರಬಹುದಾದದ್ದು. ಅಭ್ಯರ್ಥಿ ಬಂದು ಉಪದೇಶ ಮಾಡುತ್ತಾನೆ. ಊರಿನವರು ‘ಕರೆಪತ್ರ’ಕ್ಕೆ ಸಹಿ ಹಾಕುತ್ತಾರೆ. ಸುತ್ತಲಿನ ಪ್ಯಾರಿಶ್‌ಗಳ ಪಾದ್ರಿಗಳೂ ಹಿರಿಯರೂ ಸೇರಿದ ಪ್ರೆಸ್ಬಿಟರಿ ಅವನ ವಿದ್ಯೆಯನ್ನೂ ನಡತೆಯನ್ನೂ ಪರೀಕ್ಷಿಸುತ್ತದೆ, ಕೊನೆಗೆ ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಡುತ್ತದೆ. ಕರೆಪತ್ರ ಕಾಲಕ್ರಮೇಣ ಬರೀ ಶಾಸ್ತ್ರಕ್ಕಾಗಿತ್ತು. ನಾಲ್ಕು ಸಹಿ ಬಿದ್ದರೂ ಸಾಕು ಎನ್ನುವಂತಾಗಿತ್ತು.

1834ರಲ್ಲಿ ಚರ್ಚ್ ಆಫ್ ಸ್ಕಾಟ್‌ಲೆಂಡಿನ ಅತ್ಯುನ್ನತ ಸಭೆಯಾದ ಜನರಲ್ ಅಸೆಂಬ್ಲಿ ವೀಟೋ ಕಾಯ್ದೆ ಮಾಡಿತು. ಪ್ರಭುಭೋಜನಕ್ಕೆ ಸೇರುವ ಗಂಡಸರಾದ ಮನೆ ಯಜಮಾನರಲ್ಲಿ ಹೆಚ್ಚಿನವರು ಬೇಡ ಎಂದರೆ ಪ್ರೆಸ್ಬಿಟರಿ ಆ ಅಭ್ಯರ್ಥಿಯನ್ನು ತಳ್ಳಬೇಕು. ಕಾರಣ ಕೊಡಬೇಕಾಗಿಲ್ಲ. (ಮನೆಗೆ ತಲೆಯಾದವರಿಗಷ್ಟೇ ಈ ಹಕ್ಕು. ಹೆಂಗಸರ ಮಾತಿಗೆ ಅಲ್ಲಿ ಲೆಕ್ಕವಿರಲಿಲ್ಲ.) ಅದೇ ವರ್ಷ ಪರ್ತ್‌ಶೈರಿನ ಆಖ್ಟರಾರ್ಡರ್ ಎಂಬ ಊರಿಗೆ ಅಲ್ಲಿನ ಪೇಟ್ರನ್ ಆದ ಕಿನೂಲಿನ ಅರ್ಲ್ ಎಂಬ ಜಮೀನ್ದಾರ ಪ್ರಭು, ರಾಬರ್ಟ್ ಯಂಗ್ ಎಂಬ ಅಭ್ಯರ್ಥಿಯ ಹೆಸರು ಕೊಟ್ಟ. ಕರೆಪತ್ರಕ್ಕೆ ಸಹಿ ಹಾಕಿದ ಊರಿನವರು ಇಬ್ಬರೇ. ಹಕ್ಕಿದ್ದ 330 ಯಜಮಾನರಲ್ಲಿ 287 ಮಂದಿ ಬೇಡ ಎಂದರು. ಪ್ರೆಸ್ಬಿಟರಿ ತಳ್ಳಿತು. ಅರ್ಲ್ ಮತ್ತು ಯಂಗ್ ಕೋರ್ಟಿಗೆ ಹೋದರು. 1838ರಲ್ಲಿ ಎಡಿನ್‌ಬರೋದ ಕೋರ್ಟ್ ಆಫ್ ಸೆಷನ್ 8ಕ್ಕೆ 5 ಮತದಿಂದ ಅವರ ಪರ ನಿಂತಿತು, ಮರುವರ್ಷ ಆಗಿನ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ನ ಲಾರ್ಡ್ಸ್ ಅದನ್ನೇ ಎತ್ತಿಹಿಡಿದರು. ಜನರಿಗೆ ಇಷ್ಟವಿಲ್ಲ ಎಂಬುದು ಅನರ್ಹತೆಯಲ್ಲ, ಆದ್ದರಿಂದ ಪರೀಕ್ಷೆ ಮಾಡಲೇಬೇಕು ಎಂದು ತೀರ್ಪು.

ಜಗಳದ ನಡುಗಂಬ ಇಲ್ಲಿದೆ, ಇದನ್ನು ತಪ್ಪಿಸಿ ಹೇಳುವವರೇ ಹೆಚ್ಚು. ಸಂಬಳ, ಪಾದ್ರಿಮನೆ, ಅದಕ್ಕೆ ಸೇರಿದ ಹೊಲ ಇವೆಲ್ಲ ಕೋರ್ಟಿನ ವಿಷಯ ಎಂದು ಚರ್ಚು ಒಪ್ಪಿತ್ತು. ಅವನ್ನು ಯಂಗನಿಗೇ ಕೊಡಿ ಎನ್ನಲೂ ಸಿದ್ಧವಿತ್ತು. ತಲೆಯ ಮೇಲೆ ಕೈಯಿಡುವುದು ಮಾತ್ರ ಕೋರ್ಟು ಹೇಳಿ ಮಾಡಿಸುವ ಕೆಲಸವಲ್ಲ, ಆ ಅಧಿಕಾರ ಕ್ರಿಸ್ತನಿಂದ ನೇರ ಬಂದದ್ದು ಎಂದಿತು. ಕೋರ್ಟು ಇದನ್ನು ಒಪ್ಪಲಿಲ್ಲ. ಚರ್ಚಿನ ಎಲ್ಲಾ ಅಧಿಕಾರವೂ ಕಾನೂನಿನ ಕೊಡುಗೆ ಎಂಬ ಹಾದಿ ಹಿಡಿಯಿತು. 1842ರಲ್ಲಿ ಯಂಗನನ್ನು ಪರೀಕ್ಷಿಸದ ಪ್ರೆಸ್ಬಿಟರಿಯ ಸದಸ್ಯರು ನಷ್ಟಪರಿಹಾರ ಕೊಡಬೇಕು ಎಂಬಲ್ಲಿಗೆ ಅದು ಮುಟ್ಟಿತು.

ಮಾರ್ನಕ್ ಎಂಬ ಊರಿನಲ್ಲಿ ಇನ್ನೂ ಕೆಟ್ಟದ್ದಾಯಿತು. ಅಲ್ಲಿಗೆ ಬಂದ ಅಭ್ಯರ್ಥಿಯ ಕರೆಪತ್ರಕ್ಕೆ ಸಹಿ ಹಾಕಿದ ಊರಿನವನು ಒಬ್ಬನೇ, ತಂಗುಮನೆಯ ಯಜಮಾನ. ಆ ಪ್ರೆಸ್ಬಿಟರಿಯ ಏಳು ಪಾದ್ರಿಗಳು ಅಸೆಂಬ್ಲಿಯ ಮಾತು ಮೀರಿ ಕೋರ್ಟಿನ ಮಾತು ಕೇಳಿದರು. 1841ರ ಜನವರಿಯ ಹಿಮದಲ್ಲಿ ದೀಕ್ಷೆಗೆ ಕೂತಾಗ ಊರಿನ ಸಭೆಯವರು ಬೈಬಲ್ ಎತ್ತಿಕೊಂಡು ಎದ್ದು ಹೊರಟುಹೋದರು. ಆ ಏಳೂ ಜನರನ್ನು ಅಸೆಂಬ್ಲಿ ಪದಚ್ಯುತಗೊಳಿಸಿತು. ಅದು ಸಲ್ಲುವುದಿಲ್ಲ ಎಂದಿತು ಕೋರ್ಟು.

1843ರ ಮೇ 18ರಂದು ಎಡಿನ್‌ಬರೋದ ಸೇಂಟ್ ಆಂಡ್ರೂಸ್ ಚರ್ಚಿನಲ್ಲಿ ಅಸೆಂಬ್ಲಿ ಸೇರಿತು. ಅಸೆಂಬ್ಲಿಯ ಅಧ್ಯಕ್ಷರಾದ ಮಾಡರೇಟರ್ ಡೇವಿಡ್ ವೆಲ್ಶ್ ಪ್ರಾರ್ಥನೆಯ ನಂತರ ಪ್ರತಿಭಟನೆಯ ಪತ್ರ ಓದಿ, ಮೇಜಿನ ಮೇಲಿಟ್ಟು, ರಾಣಿಯ ಪ್ರತಿನಿಧಿಗೆ ತಲೆಬಾಗಿ ಹೊರನಡೆದರು. ಹಿಂದೆ ಈ ಗುಂಪಿನ ನಾಯಕ ಥಾಮಸ್ ಚಾಮರ್ಸ್, ಅವರ ಹಿಂದೆ ಸಾಲುಸಾಲು ಪಾದ್ರಿಗಳು. ಇಳಿಜಾರಿನ ಬೀದಿಯಲ್ಲಿ ನಡೆದು ಟಾನ್‌ಫೀಲ್ಡ್ ಸಭಾಂಗಣ ಸೇರಿ ಫ್ರೀ ಚರ್ಚ್ ಕಟ್ಟಿದರು. ಸುಮಾರು 1,200 ಪಾದ್ರಿಗಳಲ್ಲಿ 474 ಮಂದಿ ಕೊನೆಗೆ ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು. ಸಹಿ ಹಾಕಿದವರಿಗೆ ಅಂದಿನಿಂದ ಸಂಬಳವಿಲ್ಲ, ಮನೆಯಿಲ್ಲ, ಚರ್ಚಿನ ಕಟ್ಟಡವೂ ಇಲ್ಲ. ಆ ದೃಶ್ಯವನ್ನು ಚಿತ್ರಿಸಲು ಹೊರಟ ಡೇವಿಡ್ ಆಕ್ಟೇವಿಯಸ್ ಹಿಲ್, ಮುಖಗಳ ನೆನಪಿಗೆಂದು ರಾಬರ್ಟ್ ಆಡಮ್ಸನ್ ಜೊತೆಗೂಡಿ ಫೋಟೊ ತೆಗೆಯತೊಡಗಿದ. ಚಿತ್ರ ಮುಗಿಯಲು 23 ವರ್ಷ ಹಿಡಿಯಿತು. ಆ ಫೋಟೊಗಳೇ ಚಿತ್ರಕ್ಕಿಂತ ಹೆಸರಾದವು.

ಹಣದ ವ್ಯವಸ್ಥೆಯನ್ನು ಚಾಮರ್ಸ್ ಮೊದಲೇ ಲೆಕ್ಕ ಹಾಕಿಟ್ಟಿದ್ದರು. ಊರೂರಲ್ಲಿ ಸಂಘ, ವಾರಕ್ಕೆ ಒಂದು ಪೆನ್ನಿಯಂಥ ಸಣ್ಣ ಕಾಣಿಕೆ, ಎಲ್ಲವೂ ಒಂದೇ ಕೇಂದ್ರ ನಿಧಿಗೆ, ಅಲ್ಲಿಂದ ಎಲ್ಲಾ ಪಾದ್ರಿಗಳಿಗೆ ಸಮಪಾಲು. ಎಡಿನ್‌ಬರೋದ ಶ್ರೀಮಂತ ಸಭೆಯ ದುಡ್ಡು ಹೈಲ್ಯಾಂಡಿನ ಬಡ ಸಭೆಯ ಪಾದ್ರಿಯ ಊಟವಾಗುತ್ತಿತ್ತು. ಎಫೆಸ 4:16ರ ಕೀಲು ಹೇಗೆ ಕೆಲಸ ಮಾಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕಪುಸ್ತಕ ನಾನು ಕಂಡಿಲ್ಲ. ಜಾಗದ ಸಮಸ್ಯೆ ಇಷ್ಟು ಸುಲಭವಾಗಿ ತೀರಲಿಲ್ಲ. ಎಷ್ಟೋ ಜಮೀನ್ದಾರರು ಚರ್ಚು ಕಟ್ಟಲು ಒಂದಿಂಚು ನೆಲ ಕೊಡಲಿಲ್ಲ. ಸ್ಟ್ರಾಂಟೀಯನ್ ಊರಿನವರಿಗಾಗಿ 1846ರಲ್ಲಿ ಕ್ಲೈಡ್ ನದಿಯ ದಡದಲ್ಲಿ ಕಬ್ಬಿಣದ ತೇಲುವ ಚರ್ಚು ಕಟ್ಟಿಸಿ, ಎಳೆದು ತಂದು, ಲಾಕ್ ಸೂನಾರ್ಟ್ ಎಂಬ ಕಡಲ ಹಿನ್ನೀರಿನಲ್ಲಿ ಲಂಗರು ಹಾಕಿದರು. ನೂರು ಜನ ಹತ್ತಿದರೆ ಅದು ಒಂದಿಂಚು ಮುಳುಗುತ್ತಿತ್ತು ಎನ್ನುತ್ತಾರೆ. ಯಾವ ಪಾದ್ರಿಯ ಪ್ರಸಂಗಕ್ಕೆ ಎಷ್ಟು ಜನ ಎಂದು ದಡದಲ್ಲಿ ನಿಂತೇ ಅಳೆಯಬಹುದಿತ್ತು!

ಇಷ್ಟೆಲ್ಲ ಕಳೆದುಕೊಂಡವರೇ ಮರುವರ್ಷ ಅಮೆರಿಕದ ದಕ್ಷಿಣದಲ್ಲಿ ಗುಲಾಮರನ್ನಿಟ್ಟುಕೊಂಡಿದ್ದ ಸಭೆಗಳಿಂದಲೂ ಕಾಣಿಕೆ ಎತ್ತಿದರು, ಸುಮಾರು 3,000 ಪೌಂಡ್. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡೆರಿಕ್ ಡಗ್ಲಾಸ್ 1846ರಲ್ಲಿ ಸ್ಕಾಟ್‌ಲೆಂಡಿನ ಊರೂರು ತಿರುಗಿ ‘ಆ ಹಣ ವಾಪಸ್ ಕಳಿಸಿ’ ಎಂದು ಭಾಷಣ ಮಾಡಿದರು. ಹಣ ವಾಪಸಾಗಲಿಲ್ಲ. ರಾಜನ ಕೈ ತಲೆಯ ಜಾಗಕ್ಕೆ ಬಂದಾಗ ಥಟ್ಟನೆ ಕಂಡ ಇವರ ಕಣ್ಣಿಗೆ, ದೇಹದ ಇನ್ನೊಂದು ಅಂಗಕ್ಕೆ ಸಂಕೋಲೆ ಬಿದ್ದದ್ದು ಕಾಣಲಿಲ್ಲ. 1843ರ ಕಥೆಯನ್ನು ವೀರಗಾಥೆ ಮಾಡಿ ಹೇಳುವವರು ಈ ಪುಟವನ್ನು ಹಾರಿಸುತ್ತಾರೆ.

ಆಖ್ಟರಾರ್ಡರಿನ ಜಗಳ ಭಾರತಕ್ಕೂ ಹಡಗು ಹತ್ತಿ ಬಂತು. ಸ್ಕಾಟಿಷ್ ಮಿಷನರಿಗಳಾದ ಕಲ್ಕತ್ತೆಯ ಅಲೆಕ್ಸಾಂಡರ್ ಡಫ್, ಮುಂಬಯಿಯ ಜಾನ್ ವಿಲ್ಸನ್, ಮದರಾಸಿನ ಜಾನ್ ಆಂಡರ್ಸನ್ ಎಲ್ಲರೂ ಫ್ರೀ ಚರ್ಚಿನ ಕಡೆ ಹೋದರು. ಡಫ್ ತಾವೇ ಕಟ್ಟಿದ ಕಾಲೇಜಿನ ಕಟ್ಟಡ ಬಿಟ್ಟು ಅದೇ ಊರಿನಲ್ಲಿ ಇನ್ನೊಂದು ತೆರೆದರು. ಆ ಎರಡೂ ಕೂಡಿ ಒಂದು ಕಾಲೇಜಾಗಲು 1908 ಬರಬೇಕಾಯಿತು.

1900ರಲ್ಲಿ ಫ್ರೀ ಚರ್ಚು ಯುನೈಟೆಡ್ ಪ್ರೆಸ್ಬಿಟೀರಿಯನ್ ಚರ್ಚಿನ ಜೊತೆ ಸೇರಲು ತೀರ್ಮಾನಿಸಿದಾಗ ಅಸೆಂಬ್ಲಿಯಲ್ಲಿ ಬೇಡ ಎಂದವರು ಬೆರಳೆಣಿಕೆಯ ಮಂದಿ. ಆ ಸಣ್ಣ ಗುಂಪು ಕೋರ್ಟಿಗೆ ಹೋಯಿತು, 1904ರಲ್ಲಿ ಲಾರ್ಡ್ಸ್ ಇಡೀ ಆಸ್ತಿ ಅವರದೇ ಎಂದರು. ಕಾರಣ ಟ್ರಸ್ಟು. ಚರ್ಚಿಗೆ ಸರ್ಕಾರದ ಆಸರೆ ಇರಬೇಕು ಎಂಬುದು 1843ರವರ ಮೂಲ ನಂಬಿಕೆಗಳಲ್ಲಿ ಒಂದು (ಆಸರೆ ಬೇಕು, ಹಸ್ತಕ್ಷೇಪ ಬೇಡ), ಬಹುಮತದವರು ಅದರಿಂದ ಸರಿದಿದ್ದಾರೆ, ಆ ನಂಬಿಕೆಗೆಂದು ಕೊಟ್ಟ ಆಸ್ತಿ ಸರಿಯದವರಿಗೆ ಸೇರಬೇಕು. ಅಷ್ಟು ಚರ್ಚು, ಕಾಲೇಜು, ಮಿಷನ್ನುಗಳನ್ನು ಆ ಪುಟ್ಟ ಗುಂಪಿಗೆ ನಡೆಸಲು ಸಾಧ್ಯವೇ ಇರಲಿಲ್ಲ. ಮರುವರ್ಷ ಪಾರ್ಲಿಮೆಂಟು ಕಾಯ್ದೆ ಮಾಡಿ ಹಂಚಿಕೊಟ್ಟಿತು. ಪೇಟ್ರನ್ ಹಕ್ಕು ರದ್ದಾಗಿ ಆಗಲೇ 30 ವರ್ಷವಾಗಿತ್ತು. ಆದರೆ ಟ್ರಸ್ಟಿನ ಪತ್ರ ಓದಿ ಅರ್ಥ ಹೇಳುವ ಅಧಿಕಾರ ಕೋರ್ಟಿನ ಕೈಯಲ್ಲೇ ಉಳಿದಿತ್ತು.

ಕೊನೆಗೆ 1921ರ ಕಾಯ್ದೆ ಮೆಲ್ವಿಲ್‌ನ ಮಾತಿಗೆ ಹತ್ತಿರ ಬಂತು. ಉಪದೇಶ, ಆರಾಧನೆ, ಆಡಳಿತದಲ್ಲಿ ಶಾಸನ ಮಾಡುವ, ತೀರ್ಪು ಕೊಡುವ ಹಕ್ಕು ಚರ್ಚ್ ಆಫ್ ಸ್ಕಾಟ್‌ಲೆಂಡಿಗೆ ತನ್ನ ರಾಜನೂ ತಲೆಯೂ ಆದ ಕ್ರಿಸ್ತನಿಂದಲೇ, ಆತನೊಬ್ಬನಿಂದಲೇ ಬಂದದ್ದು ಎಂಬ ಚರ್ಚಿನ ಘೋಷಣೆಯನ್ನು ಪಾರ್ಲಿಮೆಂಟು ಒಪ್ಪಿತು. ಎಡಿನ್‌ಬರೋದ ಅಸೆಂಬ್ಲಿ ಹಾಲಿನಲ್ಲಿ ರಾಜಪ್ರತಿನಿಧಿಗೆ ಇಂದಿಗೂ ಸಿಂಹಾಸನವಿದೆ, ಆದರೆ ಅದಿರುವುದು ಮೇಲಿನ ಗ್ಯಾಲರಿಯಲ್ಲಿ. ಲೆಕ್ಕದಲ್ಲಿ ಆ ಗ್ಯಾಲರಿ ಅಸೆಂಬ್ಲಿಯ ಹೊರಗೆ.

ನಮ್ಮ ಕಡೆಯ ಚರ್ಚ್ ಆಫ್ ಸೌತ್ ಇಂಡಿಯಾದ, ಎಂದರೆ ಸಿಎಸ್‌ಐ ಸಭೆಗಳಲ್ಲಿ ಹುಡುಕಬೇಕಾದ ಜಾಗ ಬೇರೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ಸೌತ್ ಇಂಡಿಯಾ ಯುನೈಟೆಡ್ ಚರ್ಚ್ ಕೂಡಿ ಸಿಎಸ್‌ಐ ಆದಾಗ, ಸ್ಕಾಟಿಷ್ ಮಿಷನ್ನಿನ ಪ್ರೆಸ್ಬಿಟೀರಿಯನ್ ಸಭೆಗಳೂ ಆ ಮೂರನೆಯದರ ಒಳಗೇ ಬಂದವು. ಆದರೆ ಬಿಷಪ್ಪರ ಪದ್ಧತಿ ಉಳಿಯಿತು. ಪೇಟ್ರನ್ನೂ ಇಲ್ಲ, ಸಭೆ ತಾನೇ ಪಾದ್ರಿಯನ್ನು ಕರೆಯುವುದೂ ಇಲ್ಲ. ಬಿಷಪ್ಪರ ಆಡಳಿತ ವಲಯವಾದ ಡಯಾಸಿಸ್‌ನ ವರ್ಗಾವಣೆ ಪಟ್ಟಿ ಬರುತ್ತದೆ. ಸಭೆ ಕೂತ ನೆಲ ಎಷ್ಟೋ ಕಡೆ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಎಂಬ ನೋಂದಾಯಿತ ಸಂಸ್ಥೆಯ ಹೆಸರಿನಲ್ಲಿರುತ್ತದೆ, ಊರಿನ ಸಭೆಯ ಹೆಸರಿನಲ್ಲಲ್ಲ. ಬಂದ ಪಾದ್ರಿ ಒಗ್ಗದಿದ್ದರೆ ಸಭೆಯ ಪಾಸ್ಟರೇಟ್ ಕಮಿಟಿ ಬಿಷಪ್ಪರಿಗೆ ಮನವಿ ಬರೆಯಬಹುದು, ಆದರೆ ಕೊನೆಯ ಮಾತು ಡಯಾಸಿಸ್‌ನದು. ಆಖ್ಟರಾರ್ಡರಿನ 287 ಮಂದಿ ಚಲಾಯಿಸಿದ ವೀಟೋ ಇಲ್ಲಿಲ್ಲ.