ಕೈಯಿಂದ ಕೈಗೆ ಹೋದ ಪುಸ್ತಕಗಳು

ನಮ್ಮ ಕಾಲಕ್ಕೆ ಈ ಶಾಲೆಯಲ್ಲಿ ಲೈಬ್ರರಿ ಅಂತ ಬೇರೆ ಕೋಣೆ ಇರಲಿಲ್ಲ. ಸ್ಟಾಫ್ ರೂಮಿನ ಗೋಡೆಗೆ ತಾಗಿದಂತೆ ಒಂದು ಮರದ ಬೀರು, ಅದರ ಗಾಜಿನ ಬಾಗಿಲಿನ ಒಳಗೆ ಪುಸ್ತಕಗಳು. ಕೀ ಕನ್ನಡ ಮೇಷ್ಟ್ರ ಹತ್ತಿರ. ಶನಿವಾರ ಬೆಳಗಿನ ಕ್ಲಾಸು ಮುಗಿದ ಮೇಲೆ ಅವರು ಬೀರು ತೆಗೆದು, ರಿಜಿಸ್ಟರ್ ಇಟ್ಟುಕೊಂಡು ಕೂರುತ್ತಿದ್ದರು. ಹೊಸ ಪುಸ್ತಕ ಕೊಡುವ ಮೊದಲು ಹೋದ ವಾರದ ಪುಸ್ತಕದ ಕಥೆ ಹೇಳಬೇಕು. ಅವರಿಗೆ ಅದನ್ನು ಕೇಳುವುದೇ ಇಷ್ಟ. ನಡುವೆ ಮಾತಾಡದೆ, ಊಟದ ಹೊತ್ತು ಮೀರಿದರೂ ಏಳದೆ ಕೇಳುತ್ತಿದ್ದರು.

ನಾನು ಎಂಟನೇ ಕ್ಲಾಸಿಗೆ ಸೇರಿದ್ದು 1981ರಲ್ಲಿ. ಅಷ್ಟು ಹೊತ್ತಿಗಾಗಲೇ ಓದಿನ ರುಚಿ ಹತ್ತಿತ್ತು. ಅದು 'ಚಂದಮಾಮ'ದ ಉಪಕಾರ. ಕನ್ನಡದಲ್ಲಿ ಅದು ಬಹಳ ಹಿಂದಿನಿಂದ ಬರುತ್ತಿತ್ತು, ಅಮ್ಮನೂ ಅದನ್ನೇ ಓದಿ ಬೆಳೆದವಳು. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದು ಹೊರಟ ರಾಜನ ಆ ಚಿತ್ರ ಶಂಕರ್ ಅವರು ಬರೆದದ್ದು. ಅದನ್ನು ನೋಡಿದ ರಾತ್ರಿ ಕೊಟ್ಟಿಗೆಯ ಕಡೆ ಒಬ್ಬಳೇ ಹೋಗಲು ನನಗೆ ಧೈರ್ಯ ಬರುತ್ತಿರಲಿಲ್ಲ. ಅಪ್ಪನಿಗೆ ಅಂಚೆಯಲ್ಲಿ ಹುಬ್ಬಳ್ಳಿಯ 'ಕಸ್ತೂರಿ' ಬರುತ್ತಿತ್ತು. ಅದರ ಕೊನೆಯ ಪುಟಗಳಲ್ಲಿ ಒಂದಿಡೀ ಪುಸ್ತಕವನ್ನು ಸಂಗ್ರಹ ಮಾಡಿ ಹಾಕುತ್ತಿದ್ದರು. ಹಾಗಾಗಿ ನಾನು 'ಕಸ್ತೂರಿ'ಯನ್ನು ಯಾವತ್ತೂ ಹಿಂದಿನಿಂದಲೇ ಶುರು ಮಾಡುತ್ತಿದ್ದೆ.

ಶಾಲೆಯ ಬೀರುವಿನಲ್ಲಿ ಮೊದಲು ಕೈಗೆ ಸಿಕ್ಕಿದ್ದು ಭಾರತ-ಭಾರತಿಯ ಪುಟ್ಟ ಪುಸ್ತಕಗಳು. ರಾಷ್ಟ್ರೋತ್ಥಾನದವರು ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ತಂದ ಆ ಮಾಲೆಯಲ್ಲಿ ಒಟ್ಟು 510 ಪುಸ್ತಕಗಳು. ನಮ್ಮ ಬೀರುವಿನಲ್ಲಿ ಅಷ್ಟೂ ಇರಲಿಲ್ಲ, ಇದ್ದವುಗಳ ಮೂಲೆ ಮಡಚಿ ಹೋಗಿದ್ದವು. ಒಂದು ಪುಸ್ತಕಕ್ಕೆ ಒಬ್ಬರ ಜೀವನ. ಬಸ್ಸಿಗೆ ಕಾಯುವಾಗ ಶುರು ಮಾಡಿದರೆ ಮನೆ ಮುಟ್ಟುವಷ್ಟರಲ್ಲಿ ಮುಗಿಯುತ್ತಿತ್ತು. 'ಒಂದು ಪುಸ್ತಕ ಪೂರ್ತಿ ಓದಿದೆ' ಅಂತ ಹೇಳಿಕೊಳ್ಳುವ ಹೆಮ್ಮೆ ನನಗೆ ಮೊದಲು ಕೊಟ್ಟವು ಅವೇ. ಕೆಳಗಿನ ತಟ್ಟಿನಲ್ಲಿ ಕಾರಂತರ 'ಬಾಲ ಪ್ರಪಂಚ'ದ ಸಂಪುಟಗಳಿದ್ದವು. ಅವನ್ನು ಮನೆಗೆ ಕೊಡುತ್ತಿರಲಿಲ್ಲ, ಅಲ್ಲೇ ಕೂತು ನೋಡಬೇಕು. ಮಕ್ಕಳಿಗೆ ಜಗತ್ತನ್ನೆಲ್ಲ ಕನ್ನಡದಲ್ಲೇ ತಿಳಿಸಬೇಕು ಅಂತ 1930ರ ದಶಕದಲ್ಲಿ ಒಬ್ಬರೇ ಕೂತು ಅಷ್ಟು ದೊಡ್ಡ ಕೆಲಸ ಮಾಡಿದ್ದಾರಲ್ಲ, ಅದನ್ನು ನೆನೆದರೆ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ.

ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರು ತೇಜಸ್ವಿಯವರ 'ಕರ್ವಾಲೊ' ಕೊಟ್ಟರು. ಅದು ಬಂದದ್ದು 1980ರಲ್ಲಿ, ಪುಸ್ತಕ ಇನ್ನೂ ಹೊಸದಾಗಿತ್ತು. "ನಾನೇ ಇನ್ನೂ ಪೂರ್ತಿ ಓದಿಲ್ಲ ಕಣಮ್ಮ, ಬೇಗ ಮುಗಿಸಿ ತಂದ್ಕೊಡು" ಅಂದರು. ಆ ಕಾದಂಬರಿಯಲ್ಲಿ ಎಲ್ಲರೂ ಹುಡುಕಿಕೊಂಡು ಹೊರಡುವುದು ಒಂದು ಹಾರುವ ಓತಿಯನ್ನು. ಅದು ನಮ್ಮ ಅಡಿಕೆ ತೋಟದಲ್ಲೇ ಇರುವ ಪ್ರಾಣಿ! ಅದರ ಮೈಬಣ್ಣ ಅಡಿಕೆ ಮರದ ಕಾಂಡದ್ದೇ ಬಣ್ಣ. ಸುಮ್ನೆ ಕೂತಿದ್ದರೆ ಕಾಣುವುದೇ ಇಲ್ಲ. ಗಂಡು ಓತಿ ಗಂಟಲ ಕೆಳಗಿನ ಹಳದಿ ಚರ್ಮವನ್ನು ಒಮ್ಮೆ ಹೊರಗೆ ಚಾಚಿ ಒಳಗೆಳೆದುಕೊಂಡಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಆಮೇಲೆ ಪಕ್ಕೆಯ ಚರ್ಮ ಬಿಡಿಸಿಕೊಂಡು ತೇಲಿ ಹೋಗಿ ಮುಂದಿನ ಮರಕ್ಕೆ ಅಂಟಿಕೊಳ್ಳುತ್ತದೆ. ಪುಸ್ತಕ ಓದುವ ಮೊದಲೂ ಅದು ಅಲ್ಲೇ ಇತ್ತು. ಆದರೆ ನಾನು ಅದನ್ನು ನಿಂತು ನೋಡಿದ್ದು ಓದಿದ ಮೇಲೆ.

ಕೊನೇ ಬೆಂಚಿನ ಹುಡುಗರಿಗೂ ಆ ಪುಸ್ತಕ ಬಹಳ ಹಿಡಿಸಿತು. ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನಾದ ಮಂದಣ್ಣನನ್ನು ವಿಜ್ಞಾನಿ ಕರ್ವಾಲೊ ಎಷ್ಟು ಗೌರವದಿಂದ ಕಾಣುತ್ತಾರೆ ಅಲ್ವಾ? ಜೇನು, ಹಕ್ಕಿ, ಏಡಿ ಅಂತ ಎಲ್ಲ ಬಲ್ಲ ಹುಡುಗರು ನಮ್ಮ ಕ್ಲಾಸಿನಲ್ಲೂ ಇದ್ದರು. ಗಣಿತದಲ್ಲಿ ಫೇಲಾಗುತ್ತಿದ್ದರು, ಅಷ್ಟೇ. ಅವರ ಬಗ್ಗೆ ನನಗೆ ಗೌರವ ಬಂದದ್ದು 'ಕರ್ವಾಲೊ' ಓದಿದ ಮೇಲೆ.

ಆದರೆ ನನ್ನನ್ನು ಜೀವನಪೂರ್ತಿ ಓದುವವಳನ್ನಾಗಿ ಮಾಡಿದ್ದು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'. ಅದನ್ನು ನಾನು ಒಬ್ಬಳೇ ಓದಲಿಲ್ಲ. ಅಡಿಕೆ ಕೊನೆ ಕೊಯ್ಲಿನ ದಿನಗಳು. ರಾತ್ರಿ ಊಟ ಆದ ಮೇಲೆ ನಮ್ಮ ಚಪ್ಪರದಲ್ಲಿ ಅಕ್ಕಪಕ್ಕದ ಮನೆಯ ಹೆಂಗಸರೆಲ್ಲ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯಲು ಕೂರುತ್ತಿದ್ದರು. ಅಮ್ಮ ನನ್ನ ಕೈಗೆ ಕತ್ತಿ ಕೊಡದೆ, "ನೀನು ಏನಾದ್ರೂ ಓದಿ ಹೇಳೇ" ಅಂದಳು. ಲಾಟೀನಿನ ಹತ್ತಿರ ಕೂತು ಶುರು ಮಾಡಿದೆ. ಬರೆದವರು 1917ರಲ್ಲಿ ನಮ್ಮ ತೀರ್ಥಹಳ್ಳಿಯಲ್ಲೇ ಹುಟ್ಟಿದವರು, ಎಳೆಯ ವಯಸ್ಸಿಗೇ ಮದುವೆಯಾಗಿ, ನಲವತ್ತೈದು ದಾಟಿದ ಮೇಲೆ ಕಾದಂಬರಿ ಬರೆಯಲು ಹೊರಟವರು ಅಂತ ಅಮ್ಮ ಹೇಳಿದಾಗ ಎಲ್ಲರ ಕಿವಿ ನೆಟ್ಟಗಾಯಿತು.

ಬಾಲವಿಧವೆಯಾದ ಫಣಿಯಮ್ಮನ ತಲೆಗೂದಲು ತೆಗೆಸುವ ಭಾಗ ಬಂತು. ನನ್ನ ದನಿ ತಡೆಯಿತು. ಚಪ್ಪರದ ಆಚೆ ತುದಿಯಲ್ಲಿ, ಎಲ್ಲರಿಂದ ಸ್ವಲ್ಪ ದೂರ, ಕೆಂಪು ಸೀರೆಯ ಸೆರಗನ್ನು ತಲೆ ತುಂಬ ಹೊದ್ದು ನಮ್ಮ ದೊಡ್ಡಜ್ಜಿ ಕೂತಿದ್ದರು. ಅವರದ್ದೂ ಅದೇ ಕಥೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಯಾರೂ ಆಡುತ್ತಿರಲಿಲ್ಲ. ಮೆಟ್ಟುಗತ್ತಿಯ ಸದ್ದೂ ನಿಂತಿತು. "ಯಾಕೆ ನಿಲ್ಲಿಸ್ದೆ? ಓದೇ ಮಗಾ" ಅಂದರು ದೊಡ್ಡಜ್ಜಿ. ಓದಿದೆ. ಮುಂದೆ, ದಾಕ್ಷಾಯಿಣಿ ಎಂಬ ಚಿಕ್ಕ ವಿಧವೆ ತಲೆ ಬೋಳಿಸಲು ಒಪ್ಪದಿದ್ದಾಗ ಫಣಿಯಮ್ಮ ಅವಳ ಪರ ನಿಲ್ಲುವ ಭಾಗ ಬಂದ ರಾತ್ರಿ ದೊಡ್ಡಜ್ಜಿ, "ಅದನ್ನ ಇನ್ನೊಂದು ಸಲ ಓದು" ಅಂದರು. ಎರಡನೇ ಸಲ ಓದಿದ ಮೇಲೆ, ತಮಗೆ ಹಾಗಾದಾಗ ವಯಸ್ಸೆಷ್ಟು, ಮನೆಯಲ್ಲಿ ಯಾರು ಅತ್ತರು, ಯಾರು ಸುಮ್ಮನಿದ್ದರು ಅಂತ ತಾವಾಗಿಯೇ ಹೇಳತೊಡಗಿದರು. ಅಮ್ಮನೂ ಅದನ್ನು ಕೇಳಿದ್ದು ಅವತ್ತೇ ಮೊದಲು.

ನಿಜವಾದ ಫಣಿಯಮ್ಮ ತನ್ನ ಕಥೆಯನ್ನು ಇಂದಿರಾ ಅವರ ತಾಯಿಗೆ ಹೇಳಿದ್ದರಂತೆ, ತಾಯಿ ಮಗಳಿಗೆ ಹೇಳಿದರು, ಮಗಳು 1976ರಲ್ಲಿ ಪುಸ್ತಕ ಮಾಡಿದರು. ಅದು ನಮ್ಮ ಚಪ್ಪರಕ್ಕೆ ಬಂದು ಇನ್ನೊಬ್ಬ ಅಜ್ಜಿಯ ಬಾಯಿ ಬಿಡಿಸಿತು. ಪುಸ್ತಕಕ್ಕೆ ಇಷ್ಟು ಶಕ್ತಿ ಇದೆ ಅಂತ ನನಗೆ ಯಾವ ಪಾಠವೂ ಹೇಳಿಕೊಟ್ಟಿರಲಿಲ್ಲ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ನನಗೆ ಹತ್ತನೇ ಕ್ಲಾಸಿನಲ್ಲಿ ಒಗ್ಗಲಿಲ್ಲ. ಅಷ್ಟೊಂದು ಜನ, ಅಷ್ಟೊಂದು ಊರು. ಪಿಯುಸಿ ರಜೆಯಲ್ಲಿ ಮತ್ತೆ ಹಿಡಿದಾಗ ಬಿಡಲಾಗಲಿಲ್ಲ. ಅದರಲ್ಲಿ ಬರುವ ಗುತ್ತಿಯ 'ಹುಲಿಯ' ಎಂಬ ನಾಯಿ ತುಂಬಿದ ತುಂಗೆಯಲ್ಲಿ ಕೊಚ್ಚಿಹೋದಾಗ ಅತ್ತಿದ್ದೇನೆ. ಆಗುಂಬೆಯ ಬಸ್ಸು ಮೇಗರವಳ್ಳಿ ದಾಟುವಾಗ ಈಗಲೂ ಕಿಟಕಿಯಿಂದ ಆ ಕಾದಂಬರಿಯ ಜನರನ್ನೇ ಹುಡುಕುತ್ತೇನೆ.

ಕಾರಂತರ 'ಬೆಟ್ಟದ ಜೀವ'ವನ್ನಂತೂ ಎಷ್ಟು ಸಲ ಓದಿದರೂ ಸಾಲದು. ಹೈಸ್ಕೂಲಿನಲ್ಲಿ ಅದು ನನಗೆ ಕಾಡಿನ ಕಥೆ. ದಾರಿ ತಪ್ಪಿದ ಪ್ರಯಾಣಿಕ, ಕತ್ತಲು, ಕಾಡುಪ್ರಾಣಿಗಳು, ಗೋಪಾಲಯ್ಯನ ಉಪಚಾರ. ಈಗ ಓದಿದರೆ ಶಂಕರಮ್ಮ ಒಬ್ಬರೇ ಮುಂದೆ ಬಂದು ನಿಲ್ಲುತ್ತಾರೆ. ಮನೆ ಬಿಟ್ಟು ಹೋದ ಮಗನಿಗಾಗಿ ಕಾಯುವ ತಾಯಿ. ನಮ್ಮೂರಿನ ಎಷ್ಟೋ ಮನೆಗಳಲ್ಲಿ ಈಗ ಇಬ್ಬರೇ ಇದ್ದಾರೆ, ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ. 1943ರ ಪುಸ್ತಕ ನಮ್ಮ ಇವತ್ತನ್ನು ಇಷ್ಟು ಚೆನ್ನಾಗಿ ಬಲ್ಲದು! ಈಗ ಹದಿನಾಲ್ಕರ ವಯಸ್ಸಿನಲ್ಲಿ ಅದನ್ನು ಓದುವವರಿಗೆ ಅಜ್ಜ-ಅಜ್ಜಿಯ ಮನೆಯೇ ನೆನಪಾಗಬಹುದು. ಹೇಗನಿಸಿತು ಅಂತ ಅವರ ಬಾಯಲ್ಲೇ ಕೇಳುವ ಆಸೆ ನನಗೆ.

ಈ ಹೆಸರು ಹೇಳಿದ ಪುಸ್ತಕಗಳನ್ನೆಲ್ಲ ಶಾಲೆಗೆ ಕಳಿಸಿದ್ದೇನೆ. 'ಕರ್ವಾಲೊ' ಮಾತ್ರ ಎರಡು ಪ್ರತಿ ಇದೆ. ಅದಕ್ಕೆ ಯಾವಾಗಲೂ ಜಗಳ ಬೀಳುತ್ತದೆ ಅಂತ ನನಗೆ ಗೊತ್ತು. 'ಫಣಿಯಮ್ಮ' ತೆಗೆದುಕೊಂಡು ಹೋಗುವವರು ಮನೆಯಲ್ಲಿ ಅಜ್ಜಿ ಇದ್ದರೆ ದಯವಿಟ್ಟು ಗಟ್ಟಿಯಾಗಿ ಓದಿ.