ಹೆಸರಿಲ್ಲದ ನಾಗಹುಡುಗಿ: ಮೂರನೇ ಕರಡು ಎಲ್ಲಿಗೆ ಬಂತು

31 ಅಧ್ಯಾಯಗಳಲ್ಲಿ 17 ಮುಗಿದಿವೆ. ಹೋದ ಸಲ ಬರೆದಾಗ ಕಥೆ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಅಂತ ಮಾತ್ರ ಹೇಳಿದ್ದೆ. ಎಲ್ಲಿ ಅಂತ ಈಗ ಗೊತ್ತಾಗಿದೆ.

ಹೊಸಬರಿಗಾಗಿ ಎರಡು ಮಾತು. ಹದಿಹರೆಯದವರಿಗಾಗಿ ಬರೆಯುತ್ತಿರುವ ಸಾಹಸದ ಕಾದಂಬರಿ ಇದು. ಮೂಲ ಮಹಾಭಾರತದ್ದು. ನಾಗರಾಜ ತಕ್ಷಕ ಕಚ್ಚಿ ರಾಜ ಪರೀಕ್ಷಿತ ಸಾಯುತ್ತಾನೆ. ಮಗ ಜನಮೇಜಯ ಹಾವುಗಳನ್ನೆಲ್ಲ ಬೆಂಕಿಗೆ ಆಹುತಿ ಕೊಡುವ ಸರ್ಪಯಾಗ ಹೂಡುತ್ತಾನೆ. ಆಸ್ತೀಕ ಅನ್ನುವ ಹುಡುಗ ಬಂದು ಅದನ್ನು ನಿಲ್ಲಿಸುತ್ತಾನೆ. ಇಷ್ಟು ಎಲ್ಲರಿಗೂ ಗೊತ್ತು. ನಾನು ಅದನ್ನು ನಾಗರ ಕಡೆಯಿಂದ ಹೇಳುತ್ತಿದ್ದೇನೆ. ಹದಿನಾಲ್ಕು ವರ್ಷದ ನಾಗಹುಡುಗಿಯೊಬ್ಬಳು ತನ್ನ ಇಬ್ಬರು ಅಣ್ಣಂದಿರನ್ನು ಹುಡುಕಿಕೊಂಡು ಯಮುನೆಯ ದಡದಿಂದ ಯಾಗ ನಡೆಯುವ ತಕ್ಷಶಿಲೆಗೆ ಹೊರಡುತ್ತಾಳೆ. ಅವಳು ನಾನು ಕಟ್ಟಿದ ಪಾತ್ರ. ಅಣ್ಣಂದಿರು ಮಾತ್ರ ಹಾಗಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲ ಎರಡು ಕರಡುಗಳಲ್ಲಿ ಮಾಯೆ ತುಂಬಾ ಜಾಸ್ತಿ ಇತ್ತು. ಹೆಡೆಯ ಮಣಿಯಿಂದ ಬೆಳಕು, ಬೇಕೆಂದಾಗ ರೂಪ ಬದಲಾವಣೆ, ಗಾಳಿಯಲ್ಲಿ ಹಾರಾಟ. ಏನು ಬೇಕಾದರೂ ಆಗಬಹುದು ಅಂದ ಮೇಲೆ ಓದುವವರಿಗೆ ಯಾವುದರ ಭಯ ಇರುತ್ತದೆ? ಅಕ್ಕನ ಮಗಳಿಗೆ ಹದಿಮೂರು ವಯಸ್ಸು, ನಾನು ಬರೆದದ್ದನ್ನು ಮೊದಲು ಓದುವವಳು ಅವಳೇ. ಆರನೇ ಅಧ್ಯಾಯಕ್ಕೆ ನಿಲ್ಲಿಸಿ, "ಚಿಕ್ಕಮ್ಮ, ಅವಳಿಗೆ ಎಲ್ಲಾ ಬರುತ್ತಲ್ವಾ, ಮತ್ತೆ ಯಾಕೆ ನಡೆದುಕೊಂಡು ಹೋಗ್ತಾಳೆ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾಗಿ ಬರೆಯುವುದನ್ನು ಬಿಟ್ಟು ಮತ್ತೆ ಮೂಲಕ್ಕೆ ಹೋದೆ. ಆದಿಪರ್ವದ ಆಸ್ತೀಕ ಭಾಗವನ್ನು ಈ ಸಲ ಒಂದೊಂದೇ ಶ್ಲೋಕ ಬಿಡಿಸಿ ಓದಿದೆ. ಯಾಗಶಾಲೆಯಲ್ಲಿ ಋತ್ವಿಜರು, ಅಂದರೆ ಯಾಗ ನಡೆಸುವ ಪುರೋಹಿತರು, ಕಪ್ಪು ಬಟ್ಟೆ ಉಟ್ಟಿದ್ದಾರೆ. ಹೊಗೆಯಿಂದ ಅವರ ಕಣ್ಣು ಕೆಂಪಾಗಿದೆ. ಅವರು ಹಾವುಗಳನ್ನು ಕರೆದು ಕರೆದು ಆಹುತಿ ಕೊಡುತ್ತಾರೆ. ಕರೆದ ಹಾವು ಎಲ್ಲಿದ್ದರೂ ಬಂದು ಬೆಂಕಿಗೆ ಬೀಳುತ್ತದೆ. ಈ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಆದರೆ ಸೆಳೆತವೆಲ್ಲ ಆ ಕರೆಯಲ್ಲೇ ಇದೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

ಈಗ ಕಾದಂಬರಿಯ ಮಾಯೆಗೆ ಒಂದೇ ಕಟ್ಟಳೆ: ಹೆಸರು ಗೊತ್ತಿದ್ದರೆ ಮಾತ್ರ ಎಳೆಯಬಹುದು. ಇದಾದ ಕೂಡಲೇ ನಾಯಕಿ ಯಾರು ಅಂತ ಸ್ಪಷ್ಟವಾಯಿತು. ಅವಳಿಗೆ ಹೆಸರೇ ಇಲ್ಲ. ನಾಗರ ಮೂಲತಾಯಿ ಕದ್ರು ತನ್ನ ಮಕ್ಕಳಿಗೇ ಕೊಟ್ಟ ಬೆಂಕಿಯ ಶಾಪ ಗೊತ್ತಿದ್ದ ತಾಯಿ ಮಗಳಿಗೆ ಬೇಕೆಂದೇ ಹೆಸರಿಡಲಿಲ್ಲ. "ಏ ಮಗಾ", "ಪುಟ್ಟಿ", "ಬಾರೇ" ಅಂತ ಕರೆದೇ ಬೆಳೆಸಿದಳು. ಯಾಗ ಶುರುವಾದಾಗ ಅವಳ ಕುಲದಲ್ಲಿ ಯಾವ ಸೆಳೆತವೂ ತಟ್ಟದವಳು ಅವಳೊಬ್ಬಳೇ. ಅದಕ್ಕೇ ನಡೆದುಕೊಂಡು ಹೋಗಬೇಕು! ಅಣ್ಣಂದಿರನ್ನು ಮಂತ್ರ ಆಕಾಶದಲ್ಲಿ ಎಳೆದುಕೊಂಡು ಹೋಗುತ್ತಿದೆ. ಇವಳು ಕೆಳಗೆ ಓಡುತ್ತಿದ್ದಾಳೆ.

ಆಮೇಲೆ ನೋಡಿದರೆ ಆ ಕಥೆಯ ತುಂಬಾ ಹೆಸರಿನದೇ ಆಟ. ಆಸ್ತೀಕನ ಅಪ್ಪನ ಹೆಸರೂ ಜರತ್ಕಾರು, ಅಮ್ಮನ ಹೆಸರೂ ಜರತ್ಕಾರು. ತನ್ನದೇ ಹೆಸರಿನವಳು ಸಿಕ್ಕರೆ ಮಾತ್ರ ಮದುವೆ ಅಂತ ಅಪ್ಪ ಹಟ ಹಿಡಿದಿದ್ದ. ಅವನು ಬಿಟ್ಟು ಹೋಗುವಾಗ ಅವಳು ಮಗುವಿನ ಮಾತೆತ್ತುತ್ತಾಳೆ. ಅವನು "ಅಸ್ತಿ" ಅಂದು ಹೊರಟುಬಿಡುತ್ತಾನೆ. ಇದೆ, ಅಂತ. ಅದೇ ಮಾತು ಮಗನ ಹೆಸರಾಯಿತು. 'ಇದೆ' ಅನ್ನುವ ಹೆಸರಿನ ಹುಡುಗ ಮತ್ತು ಹೆಸರೇ ಇಲ್ಲದ ಹುಡುಗಿ ಯಾಗಶಾಲೆಯ ಬಾಗಿಲಲ್ಲಿ ಎದುರಾಗುತ್ತಾರೆ. ಈ ದೃಶ್ಯ ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಅಣ್ಣಂದಿರ ವಿಷಯ. ಪುಣೆಯ ಭಂಡಾರಕರ್ ಸಂಸ್ಥೆಯಲ್ಲಿ 1919ರಿಂದ 1966ರವರೆಗೆ ಹಸ್ತಪ್ರತಿಗಳನ್ನು ಹೋಲಿಸಿ ಸಿದ್ಧಪಡಿಸಿದ ಮಹಾಭಾರತದ ಪರಿಷ್ಕೃತ ಪಾಠದಲ್ಲಿ ಆದಿಪರ್ವದ 52ನೇ ಅಧ್ಯಾಯ ಬರೀ ಒಂದು ಪಟ್ಟಿ. ಬೆಂಕಿಗೆ ಬಿದ್ದ ನಾಗರ ಹೆಸರುಗಳು, ಕುಲದ ಪ್ರಕಾರ. ವಾಸುಕಿಯ ಕುಲ, ತಕ್ಷಕನ ಕುಲ, ಐರಾವತನ ಕುಲ, ಹೀಗೆ. ಇಂಥ ಪಟ್ಟಿ ಬಂದರೆ ನಾನು ಸುಮ್ನೆ ಹಾರಿಸಿಬಿಡುತ್ತಿದ್ದೆ. ಈ ಸಲ ಗಟ್ಟಿಯಾಗಿ ಓದಿದೆ. ಐರಾವತ ಕುಲದಲ್ಲಿ ಪಾರಾವತ ಅಂತ ಒಬ್ಬ, ಅಂದರೆ ಪಾರಿವಾಳ. ಹರಿಣ, ಜಿಂಕೆ. ಕೃಶ, ಸಣಕಲ. ಆಮೇಲೆ ಪಕ್ಕಪಕ್ಕದಲ್ಲೇ ಮೋದ, ಪ್ರಮೋದ. ಅಣ್ಣತಮ್ಮಂದಿರಿಗೆ ಇಡುವ ಹೆಸರು ಅಲ್ವಾ? ಸಂತೋಷ ಅನ್ನುವ ಅರ್ಥದ ಎರಡು ಹೆಸರು, ಸುಟ್ಟುಹೋದವರ ಪಟ್ಟಿಯಲ್ಲಿ. ನಮ್ಮ ಹುಡುಗಿಯ ಅಣ್ಣಂದಿರು ಇವರೇ.

ಇಲ್ಲೇ ನಾನು ಸಿಕ್ಕಿಹಾಕಿಕೊಂಡಿದ್ದು. ಎರಡನೇ ಕರಡಿನಲ್ಲಿ ಪ್ರಮೋದನನ್ನು ಉಳಿಸಿದ್ದೆ. ತಂಗಿ ಕೊನೇ ಗಳಿಗೆಯಲ್ಲಿ ಅವನ ಕೈ ಹಿಡಿಯುತ್ತಾಳೆ, ಆಸ್ತೀಕ ಯಾಗ ನಿಲ್ಲಿಸುತ್ತಾನೆ, ಎಲ್ಲರೂ ಮನೆಗೆ. ಓದಿದವರಿಗೆಲ್ಲ ಇಷ್ಟವಾಯಿತು. ಆದರೆ ಶಾಪ ಬಂದದ್ದು ಯಾಕೆ ಅಂತ ನೆನಪು ಮಾಡಿಕೊಳ್ಳಿ. ದೇವಲೋಕದ ಕುದುರೆ ಉಚ್ಚೈಃಶ್ರವಸ್ಸಿನ ಬಾಲ ಕಪ್ಪು ಅಂತ ಕದ್ರು ತನ್ನ ಸವತಿ ವಿನತೆಯ ಹತ್ತಿರ ಪಣ ಕಟ್ಟಿದಳು. ಹೋಗಿ ಬಾಲಕ್ಕೆ ಕಪ್ಪು ಕೂದಲಾಗಿ ಅಂಟಿಕೊಳ್ಳಿ ಅಂತ ಮಕ್ಕಳಿಗೆ ಹೇಳಿದಳು. ಒಪ್ಪದ ಮಕ್ಕಳಿಗೆ ಬೆಂಕಿಯ ಶಾಪ ಕೊಟ್ಟಳು. ಮೋಸ ಮಾಡಲ್ಲ ಅಂದ ಮಕ್ಕಳ ಕಥೆ ಇದು. ಅವರ ಕಥೆಗೇ ಮೋಸದ ಕೊನೆ ಕೊಡಲು ನನಗೆ ಆಗಲಿಲ್ಲ. ಪಟ್ಟಿಯಲ್ಲಿ ಪ್ರಮೋದ ಇದ್ದಾನೆ. ಹಾಗಾಗಿ ನನ್ನ ಕಾದಂಬರಿಯಲ್ಲೂ ಅವನು ಉಳಿಯುವುದಿಲ್ಲ. ಅಕ್ಕನ ಮಗಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆ ಪುಟಗಳನ್ನು ಬರೆಯುವಾಗ ನಾನೂ ಅತ್ತೆ.

ದಾರಿಯ ಅಧ್ಯಾಯಗಳು ಚೆನ್ನಾಗಿ ಸಾಗುತ್ತಿವೆ. ಯಮುನೆಯಿಂದ ಪಶ್ಚಿಮಕ್ಕೆ ಹೊರಟರೆ ಐದು ನದಿ ದಾಟಬೇಕು: ಶತದ್ರು, ವಿಪಾಶಾ, ಇರಾವತಿ, ಚಂದ್ರಭಾಗಾ, ವಿತಸ್ತಾ. ಇವತ್ತಿನ ಸಟ್ಲೆಜ್, ಬಿಯಾಸ್, ರಾವಿ, ಚಿನಾಬ್, ಝೀಲಂ. ಬೇಸಿಗೆಯಲ್ಲಿ ಹಿಮ ಕರಗಿ ನೀರು ಏರುವ ನದಿಗಳು ಇವು. ಆದ್ದರಿಂದ ಅವಳ ಪ್ರಯಾಣವನ್ನು ಬೇಸಿಗೆಗೆ ಇಟ್ಟಿದ್ದೇನೆ. ವಿಪಾಶಾ ಅಂದರೆ ನನಗೆ ವಿಶೇಷ ಪ್ರೀತಿ. ಮಕ್ಕಳನ್ನು ಕಳೆದುಕೊಂಡ ವಸಿಷ್ಠರು ಹಗ್ಗದಿಂದ ಬಿಗಿದುಕೊಂಡು ಆ ನದಿಗೆ ಬಿದ್ದಾಗ, ನದಿ ಹಗ್ಗ ಬಿಡಿಸಿ ಅವರನ್ನು ದಡಕ್ಕೆ ತಂದು ಬಿಟ್ಟಿತಂತೆ. ಪಾಶ ಬಿಡಿಸಿದವಳು ವಿಪಾಶಾ. ನನ್ನ ಕಥೆಯಲ್ಲಿ ಮೋದ ಆ ನದಿಯ ಮೇಲೆ ಹಾದುಹೋಗುವಾಗ ಮಂತ್ರದ ಹಿಡಿತ ಒಂದು ಕ್ಷಣ ಸಡಿಲಾಗುತ್ತದೆ. ಅಷ್ಟರಲ್ಲಿ ಅವನು ತಂಗಿಗೆ ಒಂದು ಮಾತು ಹೇಳಬೇಕು. ಏನು ಹೇಳುತ್ತಾನೆ ಅನ್ನುವುದನ್ನು ಒಂಬತ್ತು ಸಲ ತಿದ್ದಿದ್ದೇನೆ. ಇನ್ನೂ ಸರಿಹೋಗಿಲ್ಲ.

ಮಾತಿನ ವಿಷಯದಲ್ಲೂ ಒಂದು ತೀರ್ಮಾನ ಆಯಿತು. ನಾಗರು ಮನೆಮಾತಿನಲ್ಲೇ ಮಾತಾಡುತ್ತಾರೆ, ಯಾಗಶಾಲೆಯವರು ಸ್ವಲ್ಪ ಗ್ರಾಂಥಿಕವಾಗಿ.

ದೊಡ್ಡ ಕೆಲಸ ಉಳಿದಿರುವುದು ಕೊನೆಯಲ್ಲಿ. ಮೂಲದಲ್ಲಿ ಕತ್ತಿ ಕಾಳಗ ಏನೂ ಇಲ್ಲ. ಆಸ್ತೀಕ ರಾಜನನ್ನು ಹೊಗಳುತ್ತಾನೆ, ವರ ಕೇಳುತ್ತಾನೆ. ಇಂದ್ರನೂ ಕೈಬಿಟ್ಟ ತಕ್ಷಕ ಬೀಳುತ್ತಿರುವಾಗ ಆಸ್ತೀಕ ಮೂರು ಸಲ "ನಿಲ್ಲು" ಅನ್ನುತ್ತಾನೆ. ತಕ್ಷಕ ಆಕಾಶದಲ್ಲೇ ನಿಂತುಬಿಡುತ್ತಾನೆ. ಬರೀ ಮಾತಿನಿಂದ ಗೆಲ್ಲುವ ಈ ಗಳಿಗೆಗೆ ಯುದ್ಧದಷ್ಟೇ ಬಿಸಿ ಬರಬೇಕು. ಸುತ್ತ ಬೆಂಕಿ, ಹೊಗೆ, ಸುಟ್ಟ ವಾಸನೆ, ಮಧ್ಯೆ ಒಬ್ಬ ಹುಡುಗನ ದನಿ. ಹುಡುಗಿ ಆಗ ಬಾಗಿಲ ಹೊರಗೆ ನಿಂತು ಒಳಗೆ ಕೂಗುತ್ತಿರುವ ಹೆಸರುಗಳನ್ನು ಒಂದೊಂದಾಗಿ ನೆನಪಿಟ್ಟುಕೊಳ್ಳುತ್ತಿರುತ್ತಾಳೆ. ಆ ಪಟ್ಟಿ ನಮ್ಮವರೆಗೆ ಬಂದದ್ದು ಅವಳಿಂದ ಅಂತ ನಾನು ಕಲ್ಪಿಸಿಕೊಂಡಿದ್ದೇನೆ.

ಈ ವಾರ ವಿಪಾಶೆಯ ಅಧ್ಯಾಯ ಹತ್ತನೇ ಸಲ. ಅದು ಕೂತರೆ ಇರಾವತಿಗೆ ಹೊರಡುತ್ತೇನೆ.